ಅಂಗಕ್ಕೂ ಒಂದು ನಿತ್ಯನೇಮ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಕಳೆದ ವಾರ ಪೂಜ್ಯರು ಫೋನ್ ಮಾಡಿ, "ಮಾಸ್ತರ್, ಈ ಸಲ ವ್ಯಾಯಾಮದ ಬಗ್ಗೆ ಮಾತಾಡಿರಿ. ಆದರೆ ವ್ಯಾಯಾಮ ಒಳ್ಳೇದು ಅಂತ ಹೇಳಬ್ಯಾಡ್ರಿ, ಅದು ಎಲ್ಲಾರಿಗೂ ಗೊತ್ತದ. ಹಿಡಿದದ್ದು ಯಾಕ ಬಿಟ್ಟು ಹೋಗತದ ಅನ್ನೋದನ್ನ ಹೇಳ್ರಿ" ಎಂದು ಅಪ್ಪಣೆ ಕೊಡಿಸಿದರು. ಮೂವತ್ತೊಂದು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದವನಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇರೆ ಇಲ್ಲ.

ನಮ್ಮಲ್ಲಿ ಆರಂಭಶೂರರಿಗೆ ಕೊರತೆ ಇಲ್ಲ. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು "ಶುಗರ್ ಗಡಿಯಲ್ಲಿದೆ, ದಿನಾ ನಡೀರಿ" ಅನ್ನುತ್ತಾರೆ. ಅಂದೇ ಸಂಜೆ ಪೇಟೆಯಿಂದ ಹೊಸ ಬೂಟು ಬರುತ್ತವೆ. ಮರುದಿನ ನಸುಕಿನಲ್ಲಿ ಊರ ಹೊರಗಿನ ರಸ್ತೆಯಲ್ಲಿ ಐದು ಕಿಲೋಮೀಟರ್. ಮೂರನೆಯ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡನೆಯ ವಾರ ಬೀಗರ ಮನೆಯ ಮದುವೆ. ತಿಂಗಳು ಕಳೆಯುವಷ್ಟರಲ್ಲಿ ಬೂಟಿನ ಮೇಲೆ ಧೂಳು ಕೂತಿರುತ್ತದೆ. ಕೇಳಿದರೆ, "ಏನ್ ಮಾಡೋದ್ರೀ ಮಾಸ್ತರ್, ಮನಸ್ಸೇ ಬರವಲ್ದು" ಎನ್ನುತ್ತಾರೆ. ಇವತ್ತು ಈ ಮನಸ್ಸು ಬರುವ, ಬಾರದಿರುವ ಮಾತನ್ನೇ ಹಿಡಿದುಕೊಂಡು ನಾಲ್ಕು ವಿಚಾರ ತಮ್ಮ ಮುಂದಿಡುತ್ತೇನೆ.

ಮೊದಲು ಒಂದು ಪ್ರಶ್ನೆ. ನಮ್ಮ ಮುತ್ತಜ್ಜ ಮುತ್ತಜ್ಜಿಯರು ವಾಕಿಂಗ್ ಹೋದವರಲ್ಲ. ನಮಗೇಕೆ ಇದು ಬೇಕಾಯಿತು? ಕಾಯಕ ಎಂಬ ಮಾತಿನಲ್ಲೇ ಕಾಯ ಇದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು, ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ಹುಟ್ಟು ಹಾಕಿದರು. ಅವರಿಗೆ ಮೈ ದಣಿಸಲು ಬೇರೊಂದು ಹೊತ್ತು ಬೇಕಿರಲಿಲ್ಲ. ನಮ್ಮ ಅಜ್ಜಂದಿರ ಕಾಲದವರೆಗೂ ಹಾಗೇ ಇತ್ತು. ಕುಂಟೆ, ರಂಟೆ, ಕೊಡಲಿ, ಬೀಸುವ ಕಲ್ಲು, ಬಾವಿಯ ಹಗ್ಗ, ತಲೆಯ ಮೇಲಿನ ಕೊಡ, ಇವೇ ವ್ಯಾಯಾಮಶಾಲೆ. ಈಗ ಟ್ರ್ಯಾಕ್ಟರ್ ಬಂತು, ರಾಶಿ ಮಷೀನು ಬಂತು, ಮನೆಯಲ್ಲಿ ಮಿಕ್ಸರ್ ಬಂತು. ಹೊಲದ ಪಂಪ್‌ಸೆಟ್ ಮನೆಯಲ್ಲಿ ಕುಳಿತು ಮೊಬೈಲ್‌ನಿಂದಲೇ ಚಾಲೂ ಆಗುತ್ತದೆ. ಬಂದದ್ದೆಲ್ಲ ಒಳ್ಳೆಯದೇ. ಹೆಣ್ಣುಮಕ್ಕಳು ಮತ್ತೆ ಬೀಸುವ ಕಲ್ಲಿಗೆ ಕೂಡಲಿ ಎಂದು ನಾನು ಹೇಳುವುದಿಲ್ಲ. ಆದರೆ ಕಾಯಕದೊಳಗಿನ ಕಾಯದ ಪಾಲು ಕಡಿಮೆಯಾಯಿತು, ಊಟದ ಪಾಲು ಹಾಗೇ ಉಳಿಯಿತು. ಅಂಗಡಿಯ ಗಲ್ಲೆಯ ಮೇಲೆ, ಕಚೇರಿಯ ಕುರ್ಚಿಯಲ್ಲಿ, ಬೈಕಿನ ಸೀಟಿನಲ್ಲಿ ನಮ್ಮ ದಿನ ಕಳೆಯುತ್ತಿದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತೋರಿಸಿದವರು ಲಂಡನ್ನಿನ ಜೆರ್ರಿ ಮೋರಿಸ್ ಎಂಬ ವೈದ್ಯರು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕುಳಿತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರದೂ ಒಂದೇ ಬಸ್ಸು, ಒಂದೇ ಊರು. 1953ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹೃದಯಾಘಾತ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ ಕಂಡುಬಂತು. ಆ ಕಂಡಕ್ಟರುಗಳು ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ ಎಂಬುದನ್ನು ಗಮನಿಸಿ. ಮೆಟ್ಟಿಲು ಅವರ ದಿನದೊಳಗೇ ಇತ್ತು, ಹತ್ತಿದರು.

ನಮ್ಮ ನಾಡಿನ ಲೆಕ್ಕವೂ ಕೇಳಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಅದೇ ಹೊತ್ತಿಗೆ ಭರವಸೆಯ ಮಾತೂ ಇದೆ. ಚೆನ್ನೈನ ವೈದ್ಯರು ಗಡಿಯಲ್ಲಿದ್ದ ಐದುನೂರಕ್ಕೂ ಹೆಚ್ಚು ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಸಲಹೆ ಮಾತ್ರ ಪಡೆದ ಗುಂಪಿನಲ್ಲಿ 100ಕ್ಕೆ 55 ಮಂದಿಗೆ ಕಾಯಿಲೆ ಬಂದಿತ್ತು. ಊಟ ತಿದ್ದಿಕೊಂಡು ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬೇಕೆಂದು ಬೆನ್ನುಹತ್ತಿ ಹೇಳಿಸಿಕೊಂಡ ಗುಂಪಿನಲ್ಲಿ 100ಕ್ಕೆ 39. ಮಾತ್ರೆ ಕೊಟ್ಟ ಗುಂಪಿನ ಫಲವೂ ಹೆಚ್ಚುಕಡಿಮೆ ಇಷ್ಟೇ ಇತ್ತು. ನಡಿಗೆಯೂ ಹಿತಮಿತದ ಊಟವೂ ಸೇರಿ ಮಾತ್ರೆಯ ಕೆಲಸ ಮಾಡಿದವು.

ಹಾಗಾದರೆ ಗೊತ್ತಿದ್ದೂ ಯಾಕೆ ಬಿಡುತ್ತೇವೆ? ನಾವು ಹುಮ್ಮಸ್ಸಿಗಾಗಿ ಕಾಯುತ್ತೇವೆ, ಅದಕ್ಕೇ ಬಿಡುತ್ತೇವೆ. ಹುಮ್ಮಸ್ಸು ಮಳೆಗಾಲದ ಹಳ್ಳ ಇದ್ದಂತೆ. ಬಂದಾಗ ದಡ ಮೀರಿ ಬರುತ್ತದೆ, ನಾಲ್ಕು ದಿನಕ್ಕೆ ಬತ್ತುತ್ತದೆ. ಅದನ್ನು ನಂಬಿ ಯಾರೂ ತೋಟ ಮಾಡುವುದಿಲ್ಲ.

ಇಲ್ಲಿ ಕುಳಿತಿರುವ ತಾವು ಬಹಳಷ್ಟು ಜನ ದಿನಾ ಇಷ್ಟಲಿಂಗ ಪೂಜೆ ಮಾಡುವವರು. ಬೆಳಿಗ್ಗೆ ಎದ್ದು "ಇವತ್ತು ಪೂಜೆಗೆ ಮನಸ್ಸು ಇದೆಯೋ ಇಲ್ಲವೋ" ಎಂದು ತಮ್ಮನ್ನು ತಾವು ಕೇಳಿಕೊಳ್ಳುತ್ತೀರಾ? ಇಲ್ಲ. ಜಳಕ ಆಯಿತು, ವಿಭೂತಿ ಕೈಗೆ ಬಂತು, ಕುಳಿತಿರಿ. ಕೆಲವು ದಿನ ಮನಸ್ಸು ತುಂಬಿ ಬರುತ್ತದೆ, ಕೆಲವು ದಿನ ಹೊಲದ ಚಿಂತೆ, ಸಾಲದ ಚಿಂತೆ ತಲೆಯಲ್ಲಿ ಇರುತ್ತದೆ. ಆದರೂ ಕೂಡುತ್ತೀರಿ. ಕುಳಿತ ಮೇಲೆ ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರು ನೂರು ದಾಟಿದ ಮೇಲೂ ನಸುಕಿನಲ್ಲೇ ಎದ್ದು ಪೂಜೆಗೆ ಕೂಡುತ್ತಿದ್ದುದನ್ನು ನಾಡೇ ಬಲ್ಲದು. ಹುಮ್ಮಸ್ಸಿನಿಂದ ಅಷ್ಟು ವರ್ಷ ನಡೆಯಲು ಆಗುವುದಿಲ್ಲ, ನಿತ್ಯನೇಮದಿಂದ ಆಗುತ್ತದೆ. ಈ ವಿದ್ಯೆ ತಮಗೆ ಆಗಲೇ ಬಂದಿದೆ. ಅದನ್ನು ಅಂಗದ ಆರೈಕೆಗೂ ಬಳಸಿರಿ ಎಂಬುದಷ್ಟೇ ನನ್ನ ಕೋರಿಕೆ.

ಅದಕ್ಕೆ ಮೊದಲನೆಯ ದಾರಿ, ಹೊತ್ತು ಮತ್ತು ಜಾಗ ಗೊತ್ತು ಮಾಡುವುದು. ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮುಂದಿನ ವಾರದಲ್ಲಿ ಒಮ್ಮೆಯಾದರೂ ಇಪ್ಪತ್ತು ನಿಮಿಷ ಮೈ ಬೆವರುವಂತೆ ವ್ಯಾಯಾಮ ಮಾಡಬೇಕು ಎಂಬುದು ಗುರಿ. ಒಂದು ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಅವರಲ್ಲಿ 100ಕ್ಕೆ 38 ಮಂದಿ ಮಾಡಿದರು. ಎರಡನೆಯ ಗುಂಪಿಗೆ ಹೃದಯರೋಗದ ಭಯ, ವ್ಯಾಯಾಮದ ಲಾಭ ಎಲ್ಲವನ್ನೂ ತಿಳಿಸಿದರು. ಅವರಲ್ಲಿ 35 ಮಂದಿ ಮಾಡಿದರು. ಅಂದರೆ ನನ್ನಂಥವರ ಉಪನ್ಯಾಸದಿಂದ ಏನೂ ಆಗಲಿಲ್ಲ! ಮೂರನೆಯ ಗುಂಪಿಗೆ ಅದೇ ತಿಳಿವಳಿಕೆ ಕೊಟ್ಟು, ಜೊತೆಗೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಮಾಡುತ್ತೀರಿ ಎಂದು ಕಾಗದದ ಮೇಲೆ ಬರೆಸಿದರು. ಅವರಲ್ಲಿ 91 ಮಂದಿ ಮಾಡಿದರು. ಒಂದು ಸಾಲಿನ ಬರಹಕ್ಕೆ ಇಷ್ಟು ಬಲ ಇದೆ.

ಹಾಗಾಗಿ "ದಿನಾ ನಡೆಯುತ್ತೇನೆ" ಎಂದು ಹೇಳಬೇಡಿ. "ಪೂಜೆ ಮುಗಿಸಿ ಪ್ರಸಾದ ತೆಗೆದುಕೊಳ್ಳುವ ಮೊದಲು ಮನೆಯಿಂದ ಕೆರೆ ಏರಿಯ ತನಕ ಹೋಗಿ ಬರುತ್ತೇನೆ" ಎಂದು ಹೇಳಿ. ಡೇರಿಗೆ ಹಾಲು ಹಾಕುವವರು ಕ್ಯಾನು ಅಲ್ಲೇ ಇಟ್ಟು ಮುಂದೆ ನಡೆಯಲಿ. ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸುವವರು ಅಲ್ಲಿಂದಲೇ ನಡಿಗೆ ಹಿಡಿಯಲಿ. ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಿಬಿಡಿ.

ಇನ್ನು ಪ್ರಾರಂಭದ ದಿನದ ಮಾತು. ಬಸವಾದಿ ಶರಣರು ಒಳ್ಳೆಯ ದಿನ, ಕೆಟ್ಟ ದಿನ ಎಂಬ ಎಣಿಕೆಯನ್ನು ಒಪ್ಪಲಿಲ್ಲ. ನಾವು ಮದುವೆಗೂ ಗೃಹಪ್ರವೇಶಕ್ಕೂ ಪಂಚಾಂಗ ತೆಗೆಸುವುದಿಲ್ಲ ಎಂದು ಅಭಿಮಾನದಿಂದ ಹೇಳುತ್ತೇವೆ. ಆದರೆ ವ್ಯಾಯಾಮಕ್ಕೆ ಬಂದರೆ "ಬರುವ ಸೋಮವಾರದಿಂದ", "ಯುಗಾದಿಯಿಂದ", "ಜಾತ್ರೆ ಮುಗೀಲಿ" ಎನ್ನುತ್ತೇವೆ. ಇದೂ ಮುಹೂರ್ತ ನೋಡುವುದೇ ಅಲ್ಲವೇ? ಇವತ್ತು ಗೋಷ್ಠಿ ಮುಗಿದ ಮೇಲೆ ಮನೆಗೆ ಬೈಕು ತಳ್ಳಿಕೊಂಡಾದರೂ ನಡೆದು ಹೋಗಿರಿ, ಅಲ್ಲಿಗೆ ಪ್ರಾರಂಭ ಆಯಿತು.

ಎರಡನೆಯ ದಾರಿ, ಅಳತೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಾಯಿ ಲಕ್ಕಮ್ಮನವರು ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ತಮಗೆಲ್ಲ ಗೊತ್ತು. ಅಂದಿನ ದಾಸೋಹಕ್ಕೆ ಅಂದಿನ ಅಳತೆ ಸಾಕು. ವ್ಯಾಯಾಮದಲ್ಲಿ ನಾವು ತಪ್ಪುವುದು ಇಲ್ಲೇ. ಹತ್ತು ವರ್ಷ ಬಿಟ್ಟದ್ದನ್ನು ಹತ್ತು ದಿನದಲ್ಲಿ ಕೂಡಿಹಾಕಲು ಹೋಗುತ್ತೇವೆ. ಮೈ ನೊಂದು, ಮನಸ್ಸು ಮುನಿಯುತ್ತದೆ. ಮೊದಲ ವಾರ ಹತ್ತು ನಿಮಿಷ ಸಾಕು. ಸುಲಭ ಎನಿಸಿದರೂ ಹತ್ತೇ ನಿಮಿಷ. ಮುಂದಿನ ವಾರ ಇನ್ನೆರಡು ಮೂರು ನಿಮಿಷ ಕೂಡಿಸಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಮಾಡಿದರೆ 150 ಆಯಿತು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ, ಅಂದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಇಂಥವು. ಮಧ್ಯಮ ಎಂದರೆ ಎಷ್ಟು ಎಂದು ಕೇಳಿದರೆ, ನಡೆಯುತ್ತಾ ಜೊತೆಗಾರರೊಡನೆ ಮಾತಾಡಲು ಬರಬೇಕು, ಹಾಡಲು ಹೋದರೆ ಉಸಿರು ಸಾಲಬಾರದು.

ಮೊಬೈಲ್‌ನಲ್ಲಿ ದಿನಕ್ಕೆ 10,000 ಹೆಜ್ಜೆ ಎಂದು ತೋರಿಸುತ್ತದೆ, ಅದು ಆಗದಿದ್ದರೆ ಹಲವರಿಗೆ ಬೇಸರ. ಆ ಅಂಕಿ ಹುಟ್ಟಿದ್ದು 1965ರ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಒಂದು ಉಪಕರಣದ ಹೆಸರಾಗಿ. ವೈದ್ಯರು ಲೆಕ್ಕ ಹಾಕಿ ಕೊಟ್ಟ ಗಡಿ ಅಲ್ಲ. ನಾಲ್ಕು ಸಾವಿರ ನಡೆದವರಿಗೂ ಲಾಭ ಇದ್ದೇ ಇದೆ.

ಮೂರನೆಯದು ಬಹಳ ಮುಖ್ಯ. ನಡುವೆ ತಪ್ಪಿದಾಗ ಏನು ಮಾಡಬೇಕು? ವ್ಯಾಯಾಮವನ್ನು ಹರಕೆ ಎಂದು ತಿಳಿದವರೇ ಹೆಚ್ಚಾಗಿ ಅದನ್ನು ಬಿಡುವುದು. ಹರಕೆ ಒಂದು ದಿನ ತಪ್ಪಿದರೆ ಮುರಿದು ಹೋಯಿತು ಎಂದು ಭಾವಿಸುತ್ತಾರೆ. ಮುರಿದ ಮೇಲೆ ಮತ್ತೇಕೆ ಎಂದು ಕೈಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಹಿಡಿಯುತ್ತದೆ ಎಂದು ಅಂದಾಜು ಸಿಕ್ಕಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ ಎಂಬುದೂ ಅದರಲ್ಲೇ ಕಂಡುಬಂತು. ನಮ್ಮ ಬದುಕಿನಲ್ಲಿ ಸುಗ್ಗಿ ಬರುತ್ತದೆ, ಬಿತ್ತನೆ ಬರುತ್ತದೆ, ಜಡಿಮಳೆ ಹಿಡಿಯುತ್ತದೆ, ಮನೆಯಲ್ಲಿ ಬಾಣಂತನ ಇರುತ್ತದೆ. ತಪ್ಪುತ್ತದೆ. ತಪ್ಪಿದ್ದಕ್ಕೆ ಪಾಪವಿಲ್ಲ, ಪ್ರಾಯಶ್ಚಿತ್ತವೂ ಬೇಡ. ಮರುದಿನ ಎರಡು ಪಾಲು ನಡೆದು ತೀರಿಸಬೇಕಾಗಿಯೂ ಇಲ್ಲ. ಮಳೆ ಬಂದ ದಿನ ಪಡಸಾಲೆಯಲ್ಲೇ ಐದು ನಿಮಿಷ ಕೈಕಾಲು ಆಡಿಸಿ, ಹೊತ್ತಿನ ಗೆಣೆತನ ಬಿಡಬೇಡಿ. ನಾನು ಮಕ್ಕಳಿಗೆ ಹೇಳುತ್ತಿದ್ದುದು ಒಂದೇ ನಿಯಮ: ಒಂದು ದಿನ ತಪ್ಪಲಿ, ಎರಡು ದಿನ ಸಾಲಾಗಿ ತಪ್ಪಬಾರದು.

ಇದರೊಡನೆ ಲಾಭವನ್ನು ಎಲ್ಲಿ ನೋಡಬೇಕು ಎಂಬುದೂ ತಿಳಿದಿರಲಿ. ಬಹಳ ಜನ ತೂಕದ ಮಷೀನಿನ ಮೇಲೆ ನಿಂತು, ಮುಳ್ಳು ಅಲುಗಲಿಲ್ಲ ಎಂದು ನಿರಾಶರಾಗುತ್ತಾರೆ. ಬರೀ ನಡಿಗೆಯಿಂದ ತೂಕ ಬೇಗ ಇಳಿಯುವುದಿಲ್ಲ, ಅದಕ್ಕೆ ಊಟದ ಕಡೆ ನೋಡಬೇಕು. ಆದರೆ ಕೆಲವು ವಾರಗಳಲ್ಲಿ ನಿದ್ದೆ ಸುಧಾರಿಸುತ್ತದೆ. ಗುಡ್ಡದ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುತ್ತದೆ. ಮನೆಯವರ ಮೇಲೆ ಸಿಡುಕುವುದು ಕಡಿಮೆ ಆಗಿರುತ್ತದೆ. ಇದನ್ನು ತಮಗಿಂತ ಮೊದಲು ಮನೆಯವರೇ ಗಮನಿಸುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನಾಲ್ಕನೆಯದು ಸಂಗ. ಒಂದು ಕಾಲಕ್ಕೆ ನಮ್ಮ ಕಡೆ ಊರಿಗೊಂದು ಗರಡಿಮನೆ ಇತ್ತು. ಜಾತ್ರೆಯಲ್ಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು ಇಂದಿಗೂ ಅಲ್ಲಲ್ಲಿ ಉಳಿದಿದೆ. ಗರಡಿಯ ಹುಡುಗರು ದಿನಾ ಬರುತ್ತಿದ್ದುದು ಬರೀ ಶಕ್ತಿಯ ಆಸೆಗಲ್ಲ. ಬಾರದಿದ್ದರೆ ಉಸ್ತಾದರು ಹುಡುಕಿಕೊಂಡು ಮನೆಗೆ ಬರುತ್ತಿದ್ದರು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಊರೂರಿನಲ್ಲಿ ಶಿಬಿರ ಮಾಡಿ ಯೋಗ, ವ್ಯಾಯಾಮ ಕಲಿಸಿದರು. ಅಲ್ಲಿಯೂ ಜನ ಸೇರಿ ಒಟ್ಟಿಗೆ ಕಲಿತರು. ಒಬ್ಬರೇ ನಡೆಯುವವರು ಬೇಗ ಬಿಡುತ್ತಾರೆ. ಕಟ್ಟೆಯ ಹತ್ತಿರ ಇಬ್ಬರು ಕಾಯುತ್ತಿದ್ದಾರೆ ಎಂದರೆ ಕಾಲು ತಾನೇ ಹೊರಡುತ್ತದೆ. ಶಿವಾನುಭವಕ್ಕೆ ನಾವು ಕೂಡಿ ಬರುವುದೂ ಹಾಗೇ ತಾನೇ? ಮನೆಯಲ್ಲೇ ಓದಬಹುದಿತ್ತು. ಆದರೂ ಸಂಗದ ಬಲವೇ ಬೇರೆ.

ಈಗ ಗಂಡುಮಕ್ಕಳಿಗೆ ಒಂದು ಕಟು ಮಾತು ಹೇಳಬೇಕಾಗಿದೆ, ಕ್ಷಮೆ ಇರಲಿ. ನಸುಕಿನ ರಸ್ತೆಯಲ್ಲಿ ನಡೆಯುವವರನ್ನು ಎಣಿಸಿ ನೋಡಿ, ಎಷ್ಟು ಜನ ತಾಯಂದಿರು ಕಾಣುತ್ತಾರೆ? 2022ರ ಸ್ಥಿತಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೊಟ್ಟ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ 100ಕ್ಕೆ 42, ಹೆಂಗಸರಲ್ಲಿ 57. "ಮನೆಗೆಲಸವೇ ಅವರಿಗೆ ವ್ಯಾಯಾಮ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮನೆಗೆಲಸದಲ್ಲಿ ಮೈ ದಣಿಯುತ್ತದೆ, ನಿಜ. ನೀರು ಹೊರುವುದು, ಕಟ್ಟಿಗೆ ಒಡೆಯುವುದು ವ್ಯಾಯಾಮವೇ. ಆದರೆ ಒಲೆಯ ಮುಂದೆ ಎರಡು ತಾಸು ನಿಂತು ರೊಟ್ಟಿ ಬಡಿದರೆ ಸೊಂಟ ನೋಯುತ್ತದೆ, ಎದೆಯ ಬಡಿತ ಏರುವುದಿಲ್ಲ. ಮೇಲಾಗಿ ಆ ದುಡಿಮೆಯಲ್ಲಿ ಅವರದೇ ಎನ್ನುವ ಹೊತ್ತು ಒಂದು ನಿಮಿಷವೂ ಇಲ್ಲ.

ಗಂಡ ಬೂಟು ಹಾಕಿಕೊಂಡು ನಡೆಯಲು ಹೋಗುತ್ತಾನೆ, ಹಿಂದಿರುಗಿ ಬರುವಷ್ಟರಲ್ಲಿ ಚಹಾ ಸಿದ್ಧ ಇರಬೇಕು. ಆ ಚಹಾ ಮಾಡಿದವರಿಗೂ ಸಕ್ಕರೆ ಕಾಯಿಲೆಯ ಗಡಿ ಇದೆ, ಮೊಣಕಾಲು ನೋವಿದೆ. ಹನ್ನೆರಡನೆಯ ಶತಮಾನದಲ್ಲೇ ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮಾನ ಸ್ಥಾನ ಕೊಟ್ಟ ಪರಂಪರೆ ನಮ್ಮದು ಎಂದು ಭಾಷಣ ಮಾಡುತ್ತೇವೆ. ಇಂದು ಅದನ್ನು ಅರ್ಧ ಗಂಟೆಯ ಲೆಕ್ಕದಲ್ಲಿ ತೋರಿಸೋಣ. ಬೆಳಿಗ್ಗೆ ಅರ್ಧ ಗಂಟೆ ಒಲೆಯ ಕೆಲಸ, ಮಕ್ಕಳನ್ನು ಎಬ್ಬಿಸುವ ಕೆಲಸ ಗಂಡಸರು ಹಿಡಿಯಲಿ. ತಾಯಂದಿರು ನಡೆದು ಬರಲಿ. ಇದೂ ದಾಸೋಹವೇ, ಸಮಯದ ದಾಸೋಹ. "ಈ ವಯಸ್ಸಿನಾಗ ಆಕೀಗೆ ಇದೆಲ್ಲಾ ಯಾಕ ಬೇಕಾಗಿತ್ತು" ಎಂದು ಕಟ್ಟೆಯ ಮೇಲೆ ಕುಳಿತು ನಗುವವರ ಬಾಯಿಯನ್ನು ನಾವೇ ಮುಚ್ಚಿಸಬೇಕು.

ಎಚ್ಚರಿಕೆಯ ಎರಡು ಮಾತು. ಹೃದಯದ ತೊಂದರೆ ಇದ್ದವರು, ನಡೆದಾಗ ಎದೆ ಹಿಡಿದಂತಾಗುವವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನು ಕೇಳಿಯೇ ಪ್ರಾರಂಭಿಸಿ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಂತು ಸಹಾಯ ಕೇಳಿ, ಮನೆಯ ತನಕ ಹೋಗೋಣ ಎನ್ನಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಂಡಿರಿ, ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಬರಿಗಾಲಲ್ಲಿ ನಡೆಯಬೇಡಿ. ರಾತ್ರಿ ಪಾದ ತೊಳೆದು ಗಾಯ ಇದೆಯೇ ಎಂದು ನೋಡಿಕೊಳ್ಳಿ.

ಕೊನೆಯದಾಗಿ ಪೂಜ್ಯರಲ್ಲಿ ಮತ್ತು ಕಮಿಟಿಯ ಹಿರಿಯರಲ್ಲಿ ಒಂದು ಬಿನ್ನಹ. ನಮ್ಮ ಮಠದ ಅಂಗಳ ದೊಡ್ಡದಿದೆ, ದೀಪ ಇದೆ, ಕುಡಿಯುವ ನೀರು ಇದೆ. ಬೆಳಿಗ್ಗೆ ಐದೂವರೆಯಿಂದ ಆರೂವರೆಯ ತನಕ ಈ ಅಂಗಳವನ್ನು ತಾಯಂದಿರ ನಡಿಗೆಗೆ, ಸಂಜೆ ಒಂದು ತಾಸು ಹಿರಿಯರಿಗೆ ಮೀಸಲಿಡಬಹುದೇ? ರಸ್ತೆಯಲ್ಲಿ ನಡೆಯಲು ಹಿಂಜರಿಯುವ ಹೆಣ್ಣುಮಕ್ಕಳು ಮಠದ ಅಂಗಳಕ್ಕೆ ಧೈರ್ಯವಾಗಿ ಬರುತ್ತಾರೆ. ಯಾವ ಜಾತಿ, ಯಾವ ಓಣಿ ಎಂದು ಕೇಳದೆ ಎಲ್ಲರಿಗೂ ಬಾಗಿಲು ತೆರೆದಿರಲಿ. ಖರ್ಚು ಏನೂ ಇಲ್ಲ, ಬಾಗಿಲ ಕೀಲಿ ಅರ್ಧ ಗಂಟೆ ಮೊದಲು ತೆಗೆದರೆ ಸಾಕು. ಹೊಸಬರಿಗೆ ಕೈಕಾಲು ಬಿಡಿಸುವ ಸರಳ ವ್ಯಾಯಾಮ ಕಲಿಸಲು ವಾರಕ್ಕೆ ಎರಡು ದಿನ ನಾನು ಬರುತ್ತೇನೆ.

ದಾಸೋಹ ಮನೆಯ ಬಾಗಿಲಲ್ಲಿ ಒಂದಿಷ್ಟು ಹಾಳೆ, ಪೆನ್ನು ಇಡಿಸಿದ್ದೇನೆ. ಪ್ರಸಾದಕ್ಕೆ ಹೋಗುವ ಮೊದಲು ಎಲ್ಲರೂ ಒಂದು ಸಾಲು ಬರೆಯಿರಿ: ಯಾವ ಹೊತ್ತು, ಯಾವ ಜಾಗ, ಯಾರ ಜೊತೆ. ಹಾಳೆ ತಮ್ಮ ಹತ್ತಿರವೇ ಇರಲಿ, ದೇವರ ಮನೆಯ ಗೋಡೆಗೆ ಅಂಟಿಸಿರಿ. ಬರೆಯಲು ಬಾರದ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳು ಬರೆದುಕೊಡಲಿ. ಮುಂದಿನ ತಿಂಗಳ ಗೋಷ್ಠಿಯಲ್ಲಿ ಎಷ್ಟು ತೂಕ ಇಳಿಯಿತು ಎಂದು ಯಾರನ್ನೂ ಕೇಳುವುದಿಲ್ಲ. ಎಷ್ಟು ಸಲ ತಪ್ಪಿ, ಎಷ್ಟು ಸಲ ಮತ್ತೆ ಹಿಡಿದಿರಿ ಎಂದಷ್ಟೇ ಕೇಳುತ್ತೇನೆ.